ಮತ್ತೆ ಹಾರುವ ಮುನ್ನ: ಸೆಸ್ನಾ 172ಎನ್, ಜಕ್ಕೂರು, ಒಂದಿಷ್ಟು ಲೆಕ್ಕ

ಸೆಸ್ನಾ 172ಎನ್‌ನಂಥ ಸಣ್ಣ ವಿಮಾನ ಹಾರಿಸುವ ಪೈಲಟ್‌ಗಳು ಕೆಲವು ತಿಂಗಳು ಹಾರಾಟ ಬಿಟ್ಟಿದ್ದರೂ ಕೈ ಬೇಗ ಪಳಗುತ್ತದೆ. ಬೋಧಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕಾರು ಸರ್ಕ್ಯೂಟ್ (ಮೇಲೇರಿ, ರನ್‌ವೇ ಪಕ್ಕ ಒಂದು ಸುತ್ತು ಹಾರಿ ಇಳಿಯುವುದು) ಹಾಕಿದರೆ ಲ್ಯಾಂಡಿಂಗ್ ಸರಿಹೋಗುತ್ತದೆ. ಮರೆತುಹೋಗುವುದು ಅಂಕಿಗಳು, ಅವುಗಳ ಹಿಂದಿನ ಕಾರಣಗಳು. ಅಮೆರಿಕದಲ್ಲಿ 24 ತಿಂಗಳಿಗೊಮ್ಮೆ ಮಾಡಬೇಕಾದ ಫ್ಲೈಟ್ ರಿವ್ಯೂನಲ್ಲಿ (ಬೋಧಕರ ಜೊತೆಗಿನ ಮರುಪರಿಶೀಲನೆಯಲ್ಲಿ) ಕನಿಷ್ಠ ಒಂದು ಗಂಟೆ ಹಾರಾಟದ ಜೊತೆ ಒಂದು ಗಂಟೆ ನೆಲದ ಪಾಠವೂ ಇದೆ. ಆ ನೆಲದ ಗಂಟೆಯೇ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ವಿಮಾನದ್ದೇ ಪಿಒಎಚ್ (ಪೈಲಟ್ ಕೈಪಿಡಿ) ತೆಗೆದುಕೊಳ್ಳಿ, ಇಂಟರ್ನೆಟ್ಟಿನಲ್ಲಿ ಸಿಕ್ಕ ಬೇರೆ ಮಾಡೆಲಿನದ್ದು ಬೇಡ. ಮೊದಲು ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿ ಎಷ್ಟು ತೆಳುವಾಗಿದೆ ಎಂಬ ಲೆಕ್ಕದಲ್ಲಿ ವಿಮಾನದ ಪಾಲಿಗಿರುವ ಎತ್ತರ. ಬೆಂಗಳೂರಿನ ಜಕ್ಕೂರಿನ ರನ್‌ವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ, ಕ್ಯೂಎನ್‌ಎಚ್ (ಸಮುದ್ರಮಟ್ಟದ ಲೆಕ್ಕಕ್ಕೆ ತಂದ ಗಾಳಿಯ ಒತ್ತಡ) 1010 ಹೆಕ್ಟೊಪಾಸ್ಕಲ್ ಎಂದಿಟ್ಟುಕೊಳ್ಳಿ. ಪ್ರಮಾಣಿತ ಒತ್ತಡ 1013ಕ್ಕಿಂತ 3 ಕಡಿಮೆ. ಒಂದಕ್ಕೆ ಸುಮಾರು 28 ಅಡಿಯಂತೆ ಪ್ರೆಷರ್ ಆಲ್ಟಿಟ್ಯೂಡ್ (ಒತ್ತಡದ ಲೆಕ್ಕದ ಎತ್ತರ) 3,100 ಅಡಿಯ ಹತ್ತಿರ. ಆ ಎತ್ತರದ ಪ್ರಮಾಣಿತ ತಾಪಮಾನ 9 ಡಿಗ್ರಿ. ಇಂದು 25 ಡಿಗ್ರಿ ಹೆಚ್ಚು. ಡಿಗ್ರಿಗೆ 120 ಅಡಿಯಂತೆ 3,000 ಅಡಿ ಸೇರಿಸಿ. ಚಕ್ರ ಇನ್ನೂ ನೆಲದ ಮೇಲಿರುವಾಗಲೇ ವಿಮಾನದ ಪಾಲಿಗೆ ಅದು 6,100 ಅಡಿ. 160 ಅಶ್ವಶಕ್ತಿಯ ಎಂಜಿನ್‌ನಿಂದ ಸಿಗುವುದು 130ರ ಆಸುಪಾಸು. ಏರ್‌ಸ್ಪೀಡ್ ಮುಳ್ಳು ಎಂದಿನ ಅಂಕಿಯನ್ನೇ ತೋರಿಸಿದರೂ ನಿಜವಾದ ವೇಗ ಶೇ 9ರಷ್ಟು ಹೆಚ್ಚಿರುತ್ತದೆ. ಓಟ ಉದ್ದವಾಗುವುದು ಈ ಎರಡೂ ಸೇರಿ.

ಇಲ್ಲೇ ಹಲವರು ತಪ್ಪುವುದು ಮಿಕ್ಸ್ಚರ್ (ಗಾಳಿಗೆ ಬೆರೆಸುವ ಇಂಧನದ ಪ್ರಮಾಣ) ವಿಷಯದಲ್ಲಿ. "ಟೇಕಾಫ್ ಅಂದರೆ ಫುಲ್ ರಿಚ್" (ಇಂಧನ ಗರಿಷ್ಠ) ಎಂದು ಬಾಯಿಪಾಠ ಮಾಡಿದ್ದು ಹಾಗೇ ಉಳಿದಿರುತ್ತದೆ. 3,000 ಅಡಿಗಿಂತ ಎತ್ತರದ ಫೀಲ್ಡಿನಲ್ಲಿ ಬ್ರೇಕ್ ಹಿಡಿದು ಪೂರ್ತಿ ಥ್ರಾಟಲ್ ಕೊಟ್ಟು, ಗರಿಷ್ಠ ಆರ್‌ಪಿಎಂ ಬರುವವರೆಗೆ ಲೀನ್ ಮಾಡಬೇಕು (ಇಂಧನ ತಗ್ಗಿಸಬೇಕು) ಎನ್ನುತ್ತದೆ 172ಎನ್ ಕೈಪಿಡಿ. ತೆಳು ಗಾಳಿಗೆ ಇಂಧನ ಹೆಚ್ಚಾದರೆ, ಮೊದಲೇ ಕಡಿಮೆಯಿರುವ ಶಕ್ತಿ ಮತ್ತಷ್ಟು ಕುಸಿಯುತ್ತದೆ. ಟೇಕಾಫ್ ಟೇಬಲ್ಲಿನ ಕೆಳಗಿನ ಸಣ್ಣಕ್ಷರಗಳನ್ನೂ ಓದಿ: 9 ನಾಟ್ ಎದುರುಗಾಳಿಗೆ ದೂರ ಶೇ 10 ಕಡಿಮೆಯಾದರೆ, ಹಿಂಗಾಳಿ ಬರೀ 2 ನಾಟ್ ಇದ್ದರೂ ಶೇ 10 ಜಾಸ್ತಿ. ಆ ಅಂಕಿಗಳೂ ಒಳ್ಳೆಯ ಸ್ಥಿತಿಯ ವಿಮಾನ, ನುರಿತ ಪೈಲಟ್ ಇಟ್ಟುಕೊಂಡು ಬಂದವು. ಬಂದ ಉತ್ತರಕ್ಕೆ ಅರ್ಧದಷ್ಟು ಸೇರಿಸಿಯೇ ರನ್‌ವೇ ಸಾಕೇ ಎಂದು ನೋಡಿ.

ಮಳೆಗಾಲದ ಬೆಳಗ್ಗೆ ಸಮಸ್ಯೆ ಬೇರೆ. 20 ಡಿಗ್ರಿ, ಒದ್ದೆ ಗಾಳಿ: ಕಾರ್ಬ್ಯುರೇಟರ್ ಐಸಿಗೆ (ಗಾಳಿ, ಇಂಧನ ಬೆರೆಯುವ ಭಾಗದಲ್ಲಿ ಕಟ್ಟುವ ಮಂಜುಗಡ್ಡೆಗೆ) ಹೇಳಿ ಮಾಡಿಸಿದ ಹವೆ. ಹೊರಗೆ ಹಿಮವೇ ಇಲ್ಲದಿದ್ದರೂ ಪೆಟ್ರೋಲ್ ಆವಿಯಾಗುವಾಗ, ವೆಂಚುರಿಯಲ್ಲಿ (ಅದರ ಕಿರಿದಾದ ಕೊರಳಿನಲ್ಲಿ) ಒತ್ತಡ ಇಳಿಯುವಾಗ ಒಳಗಿನ ತಾಪಮಾನ 20 ಡಿಗ್ರಿಗೂ ಹೆಚ್ಚು ಬೀಳಬಲ್ಲದು. ಥ್ರಾಟಲ್ ಇಳಿಸಿದಾಗ ಅಪಾಯ ಹೆಚ್ಚು. ಫಿಕ್ಸೆಡ್ ಪಿಚ್ (ಅಲಗಿನ ಕೋನ ಬದಲಾಗದ) ಪ್ರೊಪೆಲರ್ ಇದ್ದರೆ ಮೊದಲ ಸುಳಿವು, ಥ್ರಾಟಲ್ ಮುಟ್ಟದೆಯೇ ಆರ್‌ಪಿಎಂ ನಿಧಾನಕ್ಕೆ ಇಳಿಯುವುದು. ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ನಾಬ್) ಪೂರ್ತಿ ಎಳೆಯಿರಿ, ಅರೆಬರೆ ಬೇಡ. ಆರ್‌ಪಿಎಂ ಇನ್ನಷ್ಟು ಬೀಳುತ್ತದೆ, ಕರಗಿದ ನೀರು ಒಳಹೋಗಿ ಎಂಜಿನ್ ಕೆಮ್ಮುತ್ತದೆ. ಹೆದರಿ ನಾಬ್ ಹಿಂದಕ್ಕೆ ತಳ್ಳುವುದು ಆಗಲೇ. ತಳ್ಳಬೇಡಿ, ಐಸ್ ಹೋದಮೇಲೆ ಆರ್‌ಪಿಎಂ ತಾನಾಗಿ ಏರುತ್ತದೆ.

ಇಂಧನದ ಸ್ಯಾಂಪಲ್ ತೆಗೆಯುವಾಗ ಸ್ಯಾಂಪಲ್ ಕಪ್ ಅನ್ನು ಬಿಳಿ ಹಿನ್ನೆಲೆಗೆ ಹಿಡಿಯಿರಿ. ವಿಮಾನದ ಪೆಟ್ರೋಲ್ 100ಎಲ್‌ಎಲ್ ತಿಳಿನೀಲಿ, ನೀರು ಭಾರವಾದ್ದರಿಂದ ತಳದಲ್ಲಿ ಗುಳ್ಳೆಯಂತೆ ನಿಲ್ಲುತ್ತದೆ. ಕಪ್ ತುಂಬ ಬರೀ ನೀರೇ ಬಂದಿದ್ದರೆ ನಡುವೆ ಗೆರೆಯೇ ಕಾಣುವುದಿಲ್ಲ, "ಕ್ಲೀನ್" ಎಂದು ಚೆಲ್ಲಿಬಿಡುತ್ತೇವೆ. ಬಣ್ಣ ನೋಡಿ, ಮೂಸಿ ನೋಡಿ. ಎಂಜಿನ್‌ಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೊಗಳ ಪರೀಕ್ಷೆ 1,700 ಆರ್‌ಪಿಎಂನಲ್ಲಿ: ಒಂದರ ಮೇಲೆ ಮಾತ್ರ ಓಡಿಸಿದಾಗ ಆರ್‌ಪಿಎಂ ಇಳಿಕೆ 125 ಮೀರಬಾರದು, ಎರಡರ ನಡುವೆ 50ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇಳಿಕೆಯೇ ಇಲ್ಲದಿದ್ದರೆ ಖುಷಿಪಡಬೇಡಿ. ಮ್ಯಾಗ್ನೆಟೊವನ್ನು ಆಫ್ ಮಾಡುವ ಗ್ರೌಂಡ್ ವೈರ್ ತುಂಡಾಗಿರಬಹುದು. ಆಗ ಕೀ ಆಫ್ ಇದ್ದರೂ ಪ್ರೊಪೆಲರ್ ಕೈಯಿಂದ ತಿರುಗಿಸಿದರೆ ಎಂಜಿನ್ ಹೊತ್ತಿಕೊಳ್ಳಬಹುದು.

ಕೊನೆಗೆ ಬೇಸ್‌ನಿಂದ ಫೈನಲ್ ತಿರುವು, ಅಂದರೆ ಇಳಿಯಲು ರನ್‌ವೇ ನೇರಕ್ಕೆ ಬರುವ ಕೊನೆಯ ತಿರುವು. ಆ ಶೇ 9 ಹೆಚ್ಚುವರಿ ವೇಗದಿಂದ ಅದೇ ಬ್ಯಾಂಕಿನಲ್ಲಿ (ವಾಲಿಕೆಯಲ್ಲಿ) ತಿರುವಿನ ತ್ರಿಜ್ಯ ಸುಮಾರು ಶೇ 20 ದೊಡ್ಡದಾಗುತ್ತದೆ, ರನ್‌ವೇ ಗೆರೆ ದಾಟಿಹೋಗುತ್ತದೆ. ರಡ್ಡರ್ ಒತ್ತಿ ಮೂಗು ಎಳೆದುಕೊಳ್ಳಬೇಡಿ. ಹಾಗೆ ಸ್ಕಿಡ್ (ತಿರುವಿನ ಹೊರಕ್ಕೆ ಜಾರುವುದು) ಆಗುತ್ತಿರುವಾಗ ಸ್ಟಾಲ್ ಆದರೆ (ರೆಕ್ಕೆ ಎತ್ತುವ ಬಲ ಕಳೆದುಕೊಂಡರೆ) ಒಳಗಿನ ರೆಕ್ಕೆ ಮೊದಲು ಬೀಳುತ್ತದೆ, ಸ್ಪಿನ್‌ನಿಂದ (ಸುತ್ತುತ್ತ ಬೀಳುವುದರಿಂದ) ಹೊರಬರಲು ಅಲ್ಲಿ ಎತ್ತರ ಸಾಲದು. ಬ್ಯಾಂಕ್ ಹೆಚ್ಚಿಸಿ ಎಳೆದರೂ ಕಷ್ಟ: ಎತ್ತರ ಕಾಯ್ದುಕೊಂಡು 45 ಡಿಗ್ರಿಯಲ್ಲಿ ತಿರುಗಿದರೆ ಸ್ಟಾಲ್ ವೇಗ ಶೇ 19 ಏರುತ್ತದೆ, 60ರಲ್ಲಿ ಶೇ 41. ಗೆರೆ ದಾಟಿದರೆ ಗೋ ಅರೌಂಡ್ ಮಾಡಿ (ಇಳಿಯದೆ ಮತ್ತೆ ಮೇಲೇರಿ): ಪೂರ್ತಿ ಥ್ರಾಟಲ್, ಕಾರ್ಬ್ ಹೀಟ್ ಒಳಕ್ಕೆ, ಫ್ಲಾಪ್ (ರೆಕ್ಕೆಯ ಹಿಂಬದಿಯ ಮಡಿಕೆ) 20 ಡಿಗ್ರಿಗೆ, 55 ನಾಟ್. ಉಳಿದ ಫ್ಲಾಪನ್ನು ವೇಗ ಕೂಡಿದಮೇಲೆ ನಿಧಾನಕ್ಕೆ ತೆಗೆಯಿರಿ. ಆ ಏರಿಕೆಗೆ ಮಿಕ್ಸ್ಚರ್ ಅಪ್ರೋಚ್‌ಗೆ ಮುಂಚೆಯೇ ಜಕ್ಕೂರಿನ ಎತ್ತರಕ್ಕೆ ಹೊಂದಿಸಿರಬೇಕು.