ಮೊದಲು ಎಫ್‌ಐಆರ್ ಓದುವ ವಕೀಲರನ್ನು ಹುಡುಕಿ

ತೆಂಗಿನ ತೋಟದ ಬದುವಿನ ಜಗಳ ನಮ್ಮ ಕಡೆ ಹೊಸದಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತ ಯಾವ ಊರಿಗೆ ಹೋದರೂ ಒಂದು ಸಾಲು ಮರಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಿರುವ ಅಣ್ಣತಮ್ಮಂದಿರು ಸಿಗುತ್ತಾರೆ. ನಮ್ಮ ಮನೆಯಲ್ಲೂ ಅಂಥದ್ದೊಂದು ಸಿವಿಲ್ ದಾವೆ ಇತ್ತು. ಕಳೆದ ವರ್ಷ ಕಾಯಿ ಕೀಳಿಸುವ ದಿನ ಮಾತಿಗೆ ಮಾತು ಬೆಳೆದು ದೊಡ್ಡಪ್ಪನ ಮಗನ ಭುಜಕ್ಕೆ ಮಚ್ಚಿನೇಟು ಬಿತ್ತು. ಸಂಜೆ ಹೊತ್ತಿಗೆ ನನ್ನ ತಮ್ಮ ಠಾಣೆಯಲ್ಲಿದ್ದ.

ಆಮೇಲೆ ಊರಲ್ಲಿ ಯಾರಿಗೆ ಕೇಸಾದರೂ ನನಗೆ ಫೋನ್ ಬರುತ್ತದೆ. "ಟೀಚರ್, ಒಳ್ಳೇ ಕ್ರಿಮಿನಲ್ ಲಾಯರ್ ಯಾರಿದ್ದಾರೆ ಹೇಳಿ." ಹೆಸರು ಹೇಳುವುದು ಸುಲಭ. ಆದರೆ ನಮಗೆ ಒದಗಿಬಂದವರು ಇನ್ನೊಬ್ಬರ ಕೇಸಿಗೆ ಸರಿಹೋಗಬೇಕೆಂದಿಲ್ಲ. ಹಾಗಾಗಿ ಯಾರನ್ನು ನೋಡಿ, ಏನು ಕೇಳಿ ಒಪ್ಪಿಸಬೇಕು ಅನ್ನುವುದನ್ನು ನನಗೆ ತಿಳಿದಷ್ಟು ಬರೆದಿಡುತ್ತಿದ್ದೇನೆ.

ಅವತ್ತು ರಾತ್ರಿ ಮನೆ ತುಂಬಾ ಸಲಹೆ ಕೊಡುವವರೇ. ಬದುವಿನ ದಾವೆ ನಡೆಸುತ್ತಿದ್ದ ವಕೀಲರಿಗೇ ಇದನ್ನೂ ಕೊಡೋಣ ಎಂದರು ಚಿಕ್ಕಪ್ಪ. ನಾನು ಫೋನ್ ಮಾಡಿದೆ. ಆ ಹಿರಿಯರು ನೇರವಾಗಿ ಹೇಳಿದರು: "ನಾನು ಜಮೀನು ಕೇಸು ಮಾಡೋನಮ್ಮ. ರಿಮ್ಯಾಂಡು, ಬೇಲು ದಿನಾ ಮಾಡೋರನ್ನ ಹಿಡೀರಿ. ಇವತ್ತು ರಾತ್ರೀನೇ ಹಿಡೀರಿ." ಬಂದ ಕೇಸನ್ನು ಬೇಡ ಎಂದು ಸರಿಯಾದ ಕಡೆಗೆ ಕಳಿಸಿದ ಅವರ ಮೇಲೆ ನನಗೆ ಈಗಲೂ ದೊಡ್ಡ ಗೌರವ.

ಅವರು ರಾತ್ರೀನೇ ಅಂದದ್ದಕ್ಕೆ ಕಾರಣವಿದೆ. ಬಂಧಿಸಿದವರನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ತನಗೆ ಬೇಕಾದ ವಕೀಲರನ್ನು ಕಂಡು ಮಾತಾಡುವ ಹಕ್ಕೂ ಅದೇ ವಿಧಿಯಲ್ಲಿದೆ. ಕ್ರಿಮಿನಲ್ ಪ್ರೊಸೀಜರ್ ಕೋಡ್ ಹೋಗಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ವಿಚಾರಣೆಯ ಹೊತ್ತಿನಲ್ಲಿ ಬಂಧಿತ ತನ್ನ ವಕೀಲರನ್ನು ಭೇಟಿ ಮಾಡಬಹುದು, ಪೂರ್ತಿ ಹೊತ್ತು ಜೊತೆಗಿರಿಸಿಕೊಳ್ಳಲು ಮಾತ್ರ ಬರುವುದಿಲ್ಲ ಎನ್ನುತ್ತದೆ ಅದರ 38ನೇ ಸೆಕ್ಷನ್ನು. ಯಾಕೆ ಹಿಡಿದರು, ಎಲ್ಲಿಟ್ಟಿದ್ದಾರೆ ಎಂದು ಮನೆಯವರಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ಇದೆಲ್ಲ ಕಾಗದದ ಮೇಲಿರುತ್ತದೆ. ಠಾಣೆಯ ಬಾಗಿಲಲ್ಲಿ ಅದನ್ನು ನೆನಪಿಸಲು ಕರಿಕೋಟಿನವರು ಒಬ್ಬರು ನಿಂತಿದ್ದರೆ ಎದುರಿನವರ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಮೊದಲು ಸಿಕ್ಕವರು ಯಾರದೋ ಮೂಲಕ ಮನೆಗೇ ಬಂದರು. "ನಾಳೆ ಸಂಜೆಗೆ ನಿಮ್ಮ ಹುಡುಗ ಮನೇಲಿರ್ತಾನೆ, ಗ್ಯಾರಂಟಿ" ಎಂದರು. ಏನು ಸೆಕ್ಷನ್ ಹಾಕಿದ್ದಾರೆಂದು ಕೇಳಲಿಲ್ಲ. ಕೇಳಿದ್ದು ದುಡ್ಡು, ಅದರಲ್ಲೂ ಒಂದು ಭಾಗ "ಮೇಲಿನವರಿಗೆ" ಅಂತ. ನಮ್ಮ ಮನೆಯವರು ಎದ್ದು ನಿಂತು ಕೈಮುಗಿದು ಕಳಿಸಿದರು. ನ್ಯಾಯಾಧೀಶರ ಹೆಸರಲ್ಲಿ ದುಡ್ಡು ಕೇಳುವವರು ಎಷ್ಟೇ ಪ್ರಸಿದ್ಧರಾಗಿರಲಿ, ಅಲ್ಲಿಂದ ಎದ್ದು ಬನ್ನಿ. ಫಲಿತಾಂಶಕ್ಕೆ ತಕ್ಕಂತೆ ಫೀಸು ಮಾತಾಡುವುದನ್ನೂ, ಹೀಗೆ ಕಕ್ಷಿದಾರರ ಮನೆ ಬಾಗಿಲಿಗೆ ಬಂದು ಕೇಸು ಹಿಡಿಯುವುದನ್ನೂ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳು ನಿಷೇಧಿಸುತ್ತವೆ.

ಕೊನೆಗೆ ನಮ್ಮ ಶಾಲೆಯ ಹಳೇ ವಿದ್ಯಾರ್ಥಿಯ ತಂದೆಯೊಬ್ಬರು, ಅವರು ಕೋರ್ಟಿನ ಸಿಬ್ಬಂದಿ, ಒಬ್ಬ ಮೇಡಂ ನಂಬರು ಕೊಟ್ಟರು. "ಸೆಷನ್ಸ್ ಕೇಸು ನಡೆಸಿದವರು, ಸಾಕ್ಷಿ ಪಾಟೀಸವಾಲು ತಾವೇ ಮಾಡ್ತಾರೆ" ಅಂದರು (ಪಾಟೀಸವಾಲು ಎಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು). ವಕೀಲರನ್ನು ಹುಡುಕುವಾಗ ಈ ಒಂದು ಮಾತನ್ನು ನಾಲ್ಕು ಕಡೆ ವಿಚಾರಿಸಿ. ಜಾಮೀನು ಅರ್ಜಿ ಹಾಕುವವರು ಬಹಳ ಜನ ಇದ್ದಾರೆ. ವಿಚಾರಣೆ ಮುಗಿಯುವ ತನಕ ನಿಂತು ಪಾಟೀಸವಾಲು ಮಾಡುವವರು ಕಡಿಮೆ. ಒಮ್ಮೆ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿದರೆ ಗೊತ್ತಾಗುತ್ತದೆ. ಸಾಮಾನ್ಯವಾಗಿ ಕಲಾಪ ಎಲ್ಲರಿಗೂ ತೆರೆದೇ ಇರುತ್ತದೆ.

ಮೇಡಂ ಮನೆಯ ಮುಂದಿನ ಕೋಣೆಯೇ ಆಫೀಸು. ನಾನು ಅಳುತ್ತಾ ಶುರುಮಾಡಿದ್ದನ್ನು ಅಲ್ಲೇ ನಿಲ್ಲಿಸಿ, "ಎಫ್‌ಐಆರ್ ಇದೆಯಾ?" ಎಂದರು. ಠಾಣೆಯಲ್ಲಿ ಕೊಟ್ಟಿರಲಿಲ್ಲ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟು 2016ರಲ್ಲೇ ಹೇಳಿದೆಯಂತೆ. ಅವರ ಜೂನಿಯರ್ ಹುಡುಗ ಕೂತಲ್ಲೇ ಹುಡುಕಿ ತೆಗೆದ. ನಾಲ್ಕು ಪುಟ. ಮೇಡಂ ಪೆನ್ಸಿಲ್ ಹಿಡಿದು ಎರಡು ಸಲ ಓದಿದರು. ಅಲ್ಲಿಯ ತನಕ ಒಂದು ಮಾತಿಲ್ಲ.

ಆಮೇಲೆ ಪ್ರಶ್ನೆಗಳು. ಗಾಯ ಎಲ್ಲಾಗಿದೆ? ಎಷ್ಟು ಹೊಲಿಗೆ? ಆಸ್ಪತ್ರೆಯಲ್ಲಿ ಉಳಿಸಿಕೊಂಡರಾ, ಡ್ರೆಸಿಂಗ್ ಮಾಡಿ ಕಳಿಸಿದರಾ? ಮಚ್ಚು ಯಾರದ್ದು? "ಗರಿ ಕಡಿಯೋಕೆ ತಂದು ಅಲ್ಲೇ ಇಟ್ಟಿದ್ದಾ, ಜಗಳ ಆದಮೇಲೆ ಮನೆಗೆ ಓಡಿಹೋಗಿ ತಂದಿದ್ದಾ?" ಈ ಕೊನೆಯ ಪ್ರಶ್ನೆಯ ತೂಕ ನನಗೆ ಆಗ ತಿಳಿಯಲಿಲ್ಲ. ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ 109ನೇ ಸೆಕ್ಷನ್ನು ಇತ್ತು, ಹಳೆಯ ಐಪಿಸಿಯ 307, ಅಂದರೆ ಕೊಲೆ ಯತ್ನ. ಕೊಲ್ಲುವ ಉದ್ದೇಶವಿತ್ತೋ ಇಲ್ಲವೋ ಅನ್ನುವುದರ ಮೇಲೇ ಆ ಸೆಕ್ಷನ್ನು ನಿಲ್ಲುವುದು. ಕೆಲಸಕ್ಕೆಂದು ತಂದ ಮಚ್ಚಿಗೂ ಮನೆಯಿಂದ ಹುಡುಕಿ ತಂದ ಮಚ್ಚಿಗೂ ಇರುವ ಅಂತರ ಅಲ್ಲಿದೆ. ಕೊನೆಗೆ ತಮ್ಮನಿಗೂ ಏಟಾಗಿದೆಯೇ ಎಂದು ಕೇಳಿದರು. ಅವನ ಮುಂಗೈ ಊದಿತ್ತು. "ನಾಳೆ ಮ್ಯಾಜಿಸ್ಟ್ರೇಟರು ಕೇಳಿದಾಗ ಅದನ್ನ ಅವನೇ ಬಾಯಿಬಿಟ್ಟು ಹೇಳಲಿ. ವೈದ್ಯರ ತಪಾಸಣೆಯಲ್ಲಿ ದಾಖಲಾಗಲಿ" ಎಂದರು.

ಯಾವಾಗ ಬಿಡುತ್ತಾರೆ ಎಂದದ್ದಕ್ಕೆ ಅವರು ಕೊಟ್ಟ ಉತ್ತರವನ್ನು ಎಲ್ಲರಿಗೂ ಹೇಳುತ್ತಿರುತ್ತೇನೆ. "ನೋಡಿ ಟೀಚರ್, ಇದರಲ್ಲಿ ಜೀವಾವಧಿ ತನಕ ಶಿಕ್ಷೆ ಇದೆ. ಕೆಳಗಿನ ಕೋರ್ಟಲ್ಲಿ ಜಾಮೀನು ಕಷ್ಟ. ಸೆಷನ್ಸ್‌ಗೆ ಹೋಗಬೇಕು, ಸರ್ಕಾರಿ ವಕೀಲರು ತಕರಾರು ಹಾಕ್ತಾರೆ, ಆಮೇಲೆ ವಾದ, ಆಮೇಲೆ ಆದೇಶ. ಅಲ್ಲೂ ಆಗದಿದ್ದರೆ ಹೈಕೋರ್ಟು. ಕೊಡೋದು ಬಿಡೋದು ನ್ಯಾಯಾಧೀಶರಿಗೆ ಬಿಟ್ಟಿದ್ದು. ನಾನು ಹೇಳಬೇಕಾದ್ದನ್ನ ಪೂರ್ತಿ ಹೇಳ್ತೀನಿ, ಅಷ್ಟೇ ನನ್ನ ಕೈಲಿರೋದು." ಕೇಳಿ ಅಮ್ಮ ಕುಸಿದು ಕೂತರು. ನನಗೆ ಮಾತ್ರ ಅವತ್ತು ಮೊದಲ ಸಲ ಕಾಲ ಕೆಳಗೆ ನೆಲ ಸಿಕ್ಕಂತಾಯಿತು.

ಮರುದಿನ ನ್ಯಾಯಾಂಗ ಬಂಧನವಾಯಿತು. ಸಬ್‌ಜೈಲಿನಲ್ಲಿ ತಮ್ಮನ ಹತ್ತಿರ ಮಾತಾಡಲು ಮೇಡಂ ಒಬ್ಬರೇ ಹೋದರು, ನನ್ನನ್ನು ಬರಬೇಡಿ ಎಂದರು. "ಅಕ್ಕನ ಎದುರಿಗೆ ತಮ್ಮ ಪೂರ್ತಿ ನಿಜ ಹೇಳಲ್ಲ. ನನಗೆ ಪೂರ್ತಿ ಬೇಕು." ವಕೀಲರಿಗೆ ಕಕ್ಷಿದಾರ ಹೇಳಿದ್ದನ್ನು ಅವರು ಹೊರಗೆ ಬಿಡುವಂತಿಲ್ಲ, ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ನು ಅದಕ್ಕೆ ಕಾವಲು. ಫೀಸು ಕೊಡುವವರು ನಾವಾದರೂ ವಕೀಲರು ಅವನಿಗೆ ಸೇರಿದವರು. ಇದನ್ನು ಮನೆಯ ಹಿರಿಯರಿಗೆ ಒಪ್ಪಿಸುವುದೇ ದೊಡ್ಡ ಕೆಲಸ, ಚಿಕ್ಕಪ್ಪ ವಾರಗಟ್ಟಲೆ ಮುನಿಸಿಕೊಂಡಿದ್ದರು.

ಫೀಸಿನ ವಿಷಯ ಮೊದಲೇ ಬಿಡಿಸಿ ಮಾತಾಡಿ. ನಮ್ಮ ಮೇಡಂ ಜಾಮೀನಿಗೆ ಇಷ್ಟು, ಚಾರ್ಜ್‌ಶೀಟ್ ಬಂದಮೇಲೆ ವಿಚಾರಣೆಗೆ ಇಷ್ಟು, ಅದನ್ನು ಕಂತಿನಲ್ಲಿ ಕೊಡಬಹುದು ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಹೈಕೋರ್ಟಿಗೆ ಹೋದರೆ ಅದು ಬೇರೆ. ವಾದ ಯಾರು ಮಾಡುತ್ತಾರೆ, ತಾವೋ ಜೂನಿಯರ್ರೋ ಅನ್ನುವುದನ್ನೂ ಕೇಳಿಕೊಳ್ಳಿ. ವಕಾಲತ್ತಿಗೆ ಸಹಿ ಹಾಕುವ ಮುಂಚೆ ಓದಿ, ಒಂದು ಪ್ರತಿ ಇಟ್ಟುಕೊಳ್ಳಿ. ಮುಂದೆ ವಕೀಲರನ್ನು ಬದಲಿಸಬೇಕಾದರೆ ಹಿಂದಿನವರಿಂದ ಎನ್‌ಒಸಿ, ಅಂದರೆ ತಕರಾರಿಲ್ಲ ಎಂಬ ಪತ್ರ, ಪಡೆಯುವುದು ರೂಢಿ.

ಸೆಷನ್ಸ್ ಕೋರ್ಟಿನಲ್ಲಿ ಜಾಮೀನು ಸಿಕ್ಕಿತು. ಆದೇಶ ಬಂತೆಂದರೆ ಹೊರಗೆ ಬಂದಂತಲ್ಲ, ಜಾಮೀನುದಾರರು ಬೇಕು. ಅಪ್ಪನ ಸ್ನೇಹಿತರೊಬ್ಬರು ಪಹಣಿ, ಆಧಾರ್ ಹಿಡಿದು ಬಂದರು. ಇವನು ವಾಯಿದೆಗೆ ಬರದಿದ್ದರೆ ಮುಚ್ಚಳಿಕೆಯ ಹಣ ಅವರು ಕಟ್ಟಬೇಕಾಗುತ್ತದೆಂದು ಮೇಡಂ ಸಹಿಗೆ ಮುಂಚೆ ಅವರಿಗೆ ವಿವರಿಸಿದರು. ಸಾಕ್ಷಿಗಳ ತಂಟೆಗೆ ಹೋಗಬಾರದೆಂಬ ಷರತ್ತಿದೆ. ಸಾಕ್ಷಿಗಳೆಂದರೆ ನಮ್ಮ ದೊಡ್ಡಪ್ಪನ ಮನೆಯವರೇ. ಅಣ್ಣನ ಭುಜ ವಾಸಿಯಾಗಿದೆಯೇ ಎಂದು ಕೇಳುವ ಆಸೆ ನನಗೆ ಬಹಳ ಇದೆ. ಕೇಸು ಮುಗಿಯುವ ತನಕ ಆ ವಿಷಯ ಎತ್ತಬೇಡಿ ಅಂದಿದ್ದಾರೆ, ಪಾಲಿಸುತ್ತಿದ್ದೇನೆ.

ಈಗ ವಿಚಾರಣೆ ನಡೆಯುತ್ತಿದೆ. ವಾಯಿದೆಯ ದಿನಾಂಕಗಳನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಎನ್‌ಆರ್ ನಂಬರು (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿ ನಾನೇ ನೋಡಿಕೊಳ್ಳುತ್ತೇನೆ.

ದುಡ್ಡಿಲ್ಲದವರು ಗುರುತು ಪರಿಚಯದವರ ಕೈಕಾಲು ಹಿಡಿಯುವ ಮೊದಲು 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವರಿಗೆ ವರಮಾನ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರಿಗೂ, ಮಕ್ಕಳಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ ಹಾಗೆಯೇ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಅಲ್ಲಿಗೆ ಹೋಗುವಾಗಲೂ ಎಫ್‌ಐಆರ್ ಪ್ರತಿ ಜೊತೆಗಿರಲಿ.