ಎಳ್ಳಷ್ಟು ತಿರುಗಿಸಿ ನೋಡಮ್ಮ

ಎಂ.ಎಸ್ಸಿ. ಓದುವಾಗ ಒಂದು ದಿನ ಸರ್ ಕ್ಲಾಸಿಗೆ ದಪ್ಪನೆಯ ಡಿಕ್ಷನರಿ ಹಿಡಿದುಕೊಂಡು ಬಂದರು. ಲೈಬ್ರರಿಯದ್ದು, ಬೆನ್ನಿಗೆ ಬಟ್ಟೆ ಅಂಟಿಸಿದ್ದು. ಮುಖಪುಟ ಮೇಲಾಗಿ ಮೇಜಿನ ಮೇಲೆ ಇಟ್ಟರು. ಆಚೆ ತುದಿ ಹಿಡಿದು ಎತ್ತಿ ನೆಟ್ಟಗೆ ನಿಲ್ಲಿಸಿದರು, ಮುಖಪುಟ ಅವರ ಕಡೆಗೆ ಬಂತು. ಆಮೇಲೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸಿದರು. ಪುಸ್ತಕ ನೆಟ್ಟಗೇ ನಿಂತಿತ್ತು, ಮುಖಪುಟ ಅವರ ಬಲಕ್ಕೆ. ಮತ್ತೆ ಮಲಗಿಸಿ ಅದನ್ನೇ ಹಿಂದುಮುಂದು ಮಾಡಿದರು: ಮೊದಲು ಮೇಜಿನ ಮೇಲೇ ಕಾಲು ಸುತ್ತು, ಆಮೇಲೆ ಆಚೆ ಅಂಚು ಹಿಡಿದು ಎತ್ತಿದ್ದು. ಈ ಸಲ ಪುಸ್ತಕ ಅಡ್ಡಡ್ಡ ನಿಂತಿತು, ಮುಖಪುಟ ಅವರ ಕಡೆಗೇ ಇತ್ತು.

"ಎರಡೂ ಸಲ ಅವೇ ಎರಡು ಕೆಲಸ ಮಾಡಿದ್ದು, ಅಲ್ವಾ? ಮತ್ತೆ ಯಾಕೆ ಬೇರೆ ಬಂತು?" ಅಂದರು. ಬೋರ್ಡ್ ಮೇಲೆ ಇನ್ನೂ ಒಂದಕ್ಷರ ಬರೆದಿರಲಿಲ್ಲ.

ಲೀ ಆಲ್ಜಿಬ್ರಾ ಅನ್ನುವ ಗಣಿತ ನನಗೆ ಶುರುವಾಗಿದ್ದು ಹೀಗೆ. ಚೌಕಕ್ಕೆ ಎಂಟು ಸಮಮಿತಿ, ಅಂದರೆ ತಿರುಗಿಸಿ ಮಗುಚಿದರೂ ಮೊದಲಿನಂತೆಯೇ ಕಾಣುವ ಬಗೆಗಳು, ಅಂತ ಬೆರಳು ಮಡಚಿ ಎಣಿಸಬಹುದು. ವೃತ್ತವನ್ನು ಎಷ್ಟು ಬೇಕಾದರೂ ತಿರುಗಿಸಬಹುದು, ಅಲ್ಲಿ ಎಣಿಸೋಕೆ ಹೋದರೆ ಮುಗಿಯುವುದೇ ಇಲ್ಲ. ಎಲ್ಲ ತಿರುವುಗಳನ್ನೂ ಹಿಡಿಯಲು ಹೋಗಬೇಡಿ, ಎಳ್ಳಷ್ಟು ತಿರುಗಿಸಿದರೆ ಏನಾಗುತ್ತೆ ಅಷ್ಟನ್ನು ಮಾತ್ರ ನೋಡಿ ಅನ್ನುತ್ತಿದ್ದರು ಸರ್. ತೀರಾ ಸಣ್ಣ ಸಂಖ್ಯೆಗೆ ಗಣಿತದವರು ಬಳಸುವ ಎಪ್ಸಿಲಾನ್ (ε) ಅನ್ನುವ ಮಾತು ಅವರ ಬಾಯಲ್ಲಿ ಬಂದಿದ್ದೇ ಕಡಿಮೆ, ಯಾವಾಗಲೂ ಎಳ್ಳಷ್ಟು. (x, y) ಬಿಂದುವನ್ನು ಎಳ್ಳಷ್ಟು ತಿರುಗಿಸಿದರೆ ಹೊಸ x ಅಂದರೆ x − εy, ಹೊಸ y ಅಂದರೆ y + εx. ಇಷ್ಟೇ. ಸೈನ್, ಕೊಸೈನ್ ಯಾವುದೂ ಬೇಡ.

ನನಗೆ ನಂಬಿಕೆ ಬರಲಿಲ್ಲ, ಹಾಗಂತ ಎದ್ದು ಹೇಳಿಯೂ ಬಿಟ್ಟೆ. ಸರ್ ನಕ್ಕರು. "ಮಾಡಿ ನೋಡಮ್ಮ. (1, 0) ತಗೋ. ಒಂದೊಂದೇ ಡಿಗ್ರಿ, ತೊಂಬತ್ತು ಸಲ."

ಹಾಸ್ಟೆಲ್‌ನಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಕೋನ ಅಳೆಯುವ ಇನ್ನೊಂದು ಅಳತೆ ರೇಡಿಯನ್, ಒಂದು ಡಿಗ್ರಿ ಅಂದರೆ 0.01745 ರೇಡಿಯನ್; ಅದೇ ಇಲ್ಲಿ ε. ಒಂದು ಸಾಲು ಗುಣಿಸು, ಕಳೆ, ಕೂಡಿಸು, ಬರೆ, ಮತ್ತೆ ಮುಂದಿನ ಸಾಲು. ಮುಗಿಸುವಷ್ಟರಲ್ಲಿ ರಾತ್ರಿ ಒಂದೂವರೆ. ಬಿಂದು ಹೆಚ್ಚುಕಡಿಮೆ (0, 1)ರ ಹತ್ತಿರ ಹೋಗಿ ನಿಂತಿತ್ತು, ನನಗೆ ಎಷ್ಟು ಖುಷಿಯಾಯಿತೆಂದರೆ ಮಲಗಿದ್ದ ರೂಮ್‌ಮೇಟನ್ನು ಎಬ್ಬಿಸಿ ತೋರಿಸಿದೆ. ಕೇಂದ್ರದಿಂದ ದೂರ 0.997 ಬಂದಿತ್ತು.

ಮಾರನೇ ದಿನ ಸರ್ ಆ ಕೊನೆಯ ಸಂಖ್ಯೆಯೊಂದನ್ನೇ ನೋಡಿ, "ಎಲ್ಲೋ ತಪ್ಪಿದ್ದೀಯಮ್ಮ, ಒಂದಕ್ಕಿಂತ ಕಡಿಮೆ ಬರೋಕೆ ಸಾಧ್ಯವೇ ಇಲ್ಲ" ಅಂದರು. ಯಾಕೆ ಅಂತ ಅಲ್ಲೇ ತೋರಿಸಿದರು. ಹೊಸ x, ಹೊಸ y ಎರಡನ್ನೂ ವರ್ಗ ಮಾಡಿ ಕೂಡಿಸಿದರೆ, ಹಳೆಯ ಮೊತ್ತಕ್ಕೆ (1 + ε²) ಗುಣಿಸಿದಷ್ಟು ಬರುತ್ತದೆ. ಅಂದರೆ ಪ್ರತಿ ಹೆಜ್ಜೆಗೂ ಬಿಂದು ಸ್ವಲ್ಪ ಹೊರಗೇ ಜರಗುತ್ತದೆ, ಒಳಗೆ ಬರುವ ಮಾತೇ ಇಲ್ಲ. ನೋಟ್‌ಬುಕ್ ಮನೆಗೆ ತಗೊಂಡು ಹೋದರು. ವಾಪಸ್ ಬಂದಾಗ 57ನೇ ಸಾಲಿನ ಪಕ್ಕ ಕೆಂಪು ಇಂಕಿನಲ್ಲಿ 'ಇಲ್ಲಿ ಕೂಡಿಸಬೇಕಿತ್ತು, ಕಳೆದಿದ್ದೀಯ' ಅಂತ ಇತ್ತು. ಅಲ್ಲಿಯವರೆಗಿನ ಸಾಲುಗಳಿಗೆಲ್ಲ ಪೆನ್ಸಿಲ್‌ನಲ್ಲಿ ಸಣ್ಣ ಸಣ್ಣ ಟಿಕ್. ಅಷ್ಟನ್ನೂ ಅವರು ತಾವೇ ಲೆಕ್ಕ ಹಾಕಿದ್ದರು.

ಉಳಿದ 33 ಸಾಲು ಮತ್ತೆ ಮಾಡಿದೆ. 1.0138 ಬಂತು. ಒಂದು ಡಿಗ್ರಿ ಬದಲು ಅದರ ಹತ್ತನೇ ಒಂದು ಭಾಗ ತೆಗೆದುಕೊಂಡು 900 ಸಲ ಮಾಡಿದರೆ 1.0014ಕ್ಕೆ ಇಳಿಯುತ್ತದೆ. ಹೆಜ್ಜೆ ಸಣ್ಣದಾದಷ್ಟೂ ಒಂದಕ್ಕೆ ಹತ್ತಿರ. ಹೀಗೆ ಹೆಜ್ಜೆಯನ್ನು ಸಣ್ಣದು ಮಾಡುತ್ತಲೇ ಹೋದರೆ ಕೊನೆಗೆ ಸಿಗುವುದಕ್ಕೆ ಎಕ್ಸ್‌ಪೊನೆನ್ಷಿಯಲ್ ಅನ್ನುತ್ತಾರೆ, ಅಲ್ಲಿ ವೃತ್ತ ಸರಿಯಾಗಿ ವೃತ್ತವೇ. ಇದನ್ನು ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಓದಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಇನ್ನು ಡಿಕ್ಷನರಿ ವಿಷಯ. ಕಾಲು ಸುತ್ತು ತಿರುಗಿಸಿದರೆ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ, ಆದರೆ ಎಳ್ಳಷ್ಟು ತಿರುಗಿಸಿದಾಗ? ಒಂದು ಅಕ್ಷದ ಸುತ್ತ 0.1 ರೇಡಿಯನ್, ಅಂದರೆ ಸುಮಾರು 5.7 ಡಿಗ್ರಿ, ತಿರುಗಿಸಿ; ಇನ್ನೊಂದರ ಸುತ್ತ ಅಷ್ಟೇ ತಿರುಗಿಸಿ; ಮೊದಲನೆಯದನ್ನು ಹಿಂದಕ್ಕೆ ತನ್ನಿ, ಎರಡನೆಯದನ್ನೂ ಹಿಂದಕ್ಕೆ ತನ್ನಿ. ಇದ್ದಲ್ಲಿಗೇ ಬರಬೇಕು ಅನ್ನಿಸುತ್ತದೆ. ಬರುವುದಿಲ್ಲ! ಸುಮಾರು 0.01 ರೇಡಿಯನ್, ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ, ಉಳಿದುಬಿಡುತ್ತದೆ. ಅದೂ ಮೂರನೇ ಅಕ್ಷದ ಸುತ್ತ, ನಾವು ಮುಟ್ಟದೇ ಇದ್ದ ಅಕ್ಷದ ಸುತ್ತ. ಹೀಗೆ ಉಳಿಯುವುದಕ್ಕೇ ಬ್ರಾಕೆಟ್ ಅಂತ ಹೆಸರು. ಎಳ್ಳಷ್ಟು ತಿರುವುಗಳನ್ನು ಕೂಡಿಸಬಹುದು, ಹಿಗ್ಗಿಸಬಹುದು, ಜೊತೆಗೆ ಈ ಬ್ರಾಕೆಟ್ ಒಂದಿದೆ. ಲೀ ಆಲ್ಜಿಬ್ರಾ ಅಂದರೆ ಇದು.

ಈ ಗಣಿತಕ್ಕೆ ಹೆಸರು ಬಂದಿದ್ದು ಯಾರಿಂದಲೋ ಆ ಸೋಫಸ್ ಲೀ ಕಥೆಯನ್ನು ಸರ್ ತುಂಬಾ ಪ್ರೀತಿಯಿಂದ ಹೇಳುತ್ತಿದ್ದರು. ನಾರ್ವೆಯವರು, ಹುಟ್ಟಿದ್ದು 1842ರಲ್ಲಿ. 1870ರಲ್ಲಿ ಗೆಳೆಯ ಫೆಲಿಕ್ಸ್ ಕ್ಲೈನ್ ಜೊತೆ ಪ್ಯಾರಿಸ್‌ನಲ್ಲಿದ್ದರು. ಫ್ರಾನ್ಸ್‌ಗೂ ಪ್ರಷ್ಯಾಕ್ಕೂ ಯುದ್ಧ ಶುರುವಾಯಿತು. ಜರ್ಮನಿಯವರಾದ ಕ್ಲೈನ್ ಊರಿಗೆ ಹೋದರು, ಲೀ ಇಟಲಿಗೆ ನಡೆದುಕೊಂಡೇ ಹೊರಟರು. ಫಾಂಟೆನ್‌ಬ್ಲೋ ಹತ್ತಿರ ಫ್ರೆಂಚರು ಜರ್ಮನ್ ಗೂಢಚಾರ ಅಂತ ಹಿಡಿದರು, ಚೀಲದಲ್ಲಿದ್ದ ಗಣಿತದ ಟಿಪ್ಪಣಿಗಳನ್ನು ಗುಪ್ತ ಸಂದೇಶ ಅಂದುಕೊಂಡರು. ಸುಮಾರು ಒಂದು ತಿಂಗಳು ಜೈಲು. ಬಿಡಿಸಿದ್ದು ಗಣಿತಜ್ಞ ಡಾರ್ಬೂ. ಆ ಜೈಲಿನಲ್ಲೂ ಲೀ ಗಣಿತ ಮಾಡುತ್ತಿದ್ದರು ಅನ್ನುವಾಗ ಸರ್ ದನಿ ಬದಲಾಗುತ್ತಿತ್ತು.

ಮುಂದಿನದ್ದನ್ನು ಬೇಗ ಬೇಗ ಮುಗಿಸಿದರು. ಗಣಿತಜ್ಞ ಕಿಲ್ಲಿಂಗ್ 1888ರಿಂದ 1890ರ ನಡುವೆ ಮುಖ್ಯ ಲೀ ಆಲ್ಜಿಬ್ರಾಗಳನ್ನೆಲ್ಲ ವಿಂಗಡಿಸಿದರು, ಅದರಲ್ಲಿದ್ದ ಲೋಪಗಳನ್ನು ಇನ್ನೊಬ್ಬ ಗಣಿತಜ್ಞ ಕಾರ್ತಾಂ 1894ರ ಪ್ರಬಂಧದಲ್ಲಿ ಸರಿಪಡಿಸಿದರು. ನಿಂತು ಮಾತಾಡಿದ್ದು ಗಣಿತಜ್ಞ ಹರೀಶ್‌ಚಂದ್ರರ ಬಗ್ಗೆ. ಕಾನ್ಪುರದಲ್ಲಿ ಹುಟ್ಟಿದವರು, 1943ರಲ್ಲಿ ನಮ್ಮ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗೆ ಬಂದು ಹೋಮಿ ಭಾಭಾ ಜೊತೆ ಭೌತಶಾಸ್ತ್ರ ಮಾಡಿದರು, 1945ರಲ್ಲಿ ಭೌತವಿಜ್ಞಾನಿ ಡಿರಾಕ್ ಹತ್ತಿರ ಕೇಂಬ್ರಿಜ್‌ಗೆ ಹೋದರು, ಆಮೇಲೆ ಪೂರ್ತಿ ಗಣಿತಕ್ಕೆ ಬಂದು ಲೀ ಗ್ರೂಪ್‌ಗಳಲ್ಲೇ, ಅಂದರೆ ವೃತ್ತದ ತಿರುವುಗಳಂಥ ಎಣಿಸಿ ಮುಗಿಯದ ಸಮಮಿತಿಗಳ ಗುಂಪುಗಳಲ್ಲೇ, ಬದುಕು ಕಳೆದರು. "ಮಲ್ಲೇಶ್ವರದ ಕಡೆ ಹೋದಾಗ ಆ ಕ್ಯಾಂಪಸ್ ನೋಡಿ ಬನ್ನಿ" ಅಂತ ನಮಗೆಲ್ಲ ಹೇಳಿದ್ದರು. ನಾನು ಹೋಗಿ ನೋಡಿದೆ, ಮರಗಳ ಕೆಳಗೆ ಸುಮ್ನೆ ಅರ್ಧ ಗಂಟೆ ಕೂತು ಬಂದೆ.

ಈಗ ನಾನು ಡ್ರೋನ್‌ಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಡ್ರೋನ್ ಒಳಗಿನ ಗೈರೊಸ್ಕೋಪ್ ಸೆಕೆಂಡಿಗೆ ಸಾವಿರ ಸಲ 'ಇಷ್ಟು ತಿರುಗಿದೆ' ಅಂತ ಹೇಳುತ್ತಲೇ ಇರುತ್ತದೆ. ಎಲ್ಲವೂ ಎಳ್ಳಷ್ಟು ತಿರುವುಗಳೇ. ಅವನ್ನು ಒಂದರ ಮೇಲೊಂದು ಪೋಣಿಸಿ ಡ್ರೋನ್ ಯಾವ ಕಡೆ ಮುಖ ಮಾಡಿದೆ ಅಂತ ಹೇಳುವುದು ನಮ್ಮ ಕೆಲಸ. ಸೇರಿದ ಹೊಸತರಲ್ಲಿ ನನ್ನದೇ ಕೋಡ್‌ನಲ್ಲಿ ಒಂದು ತೊಂದರೆ ಬಂತು. ಹತ್ತು ನಿಮಿಷ ಓಡಿಸಿದರೆ ಲೆಕ್ಕ ಕೆಟ್ಟುಹೋಗುತ್ತಿತ್ತು. ಎರಡು ದಿನ ಸೆನ್ಸರನ್ನೇ ಅನುಮಾನಿಸಿದೆ. ಡ್ರೋನ್ ಯಾವ ಕಡೆ ತಿರುಗಿದೆ ಅನ್ನುವುದನ್ನು ಅಂಕಿಗಳ ಒಂದು ಚೌಕದಲ್ಲಿ, ಅಂದರೆ ಮ್ಯಾಟ್ರಿಕ್ಸ್‌ನಲ್ಲಿ, ಇಟ್ಟಿರುತ್ತೇವೆ; ಮೂರನೇ ದಿನ ಅದರ ಒಂದು ಕಂಬಸಾಲಿನ ಉದ್ದ ಪ್ರಿಂಟ್ ಮಾಡಿ ನೋಡಿದೆ. ಒಂದು ಇರಬೇಕಾದದ್ದು 1.0138 ಇರಲಿಲ್ಲ ನಿಜ, ಆದರೆ 1.02 ದಾಟಿತ್ತು. ನಾನು x − εy ಅಂತಲೇ ಬರೆದಿದ್ದೆ. ಆ ಜಾಗದಲ್ಲಿ ಎಕ್ಸ್‌ಪೊನೆನ್ಷಿಯಲ್ ಹಾಕಿದೆ, ಸರಿಹೋಯಿತು.

ಅವತ್ತೇ ಸಂಜೆ ಸರ್‌ಗೆ ಫೋನ್ ಮಾಡಿದೆ. ಅವರು ನಿವೃತ್ತರಾಗಿ ಆಗಲೇ ಮೂರು ವರ್ಷ ಆಗಿತ್ತು. ನನ್ನ ಕೆಲಸ ಏನು, ಡ್ರೋನ್ ಅಂದರೆ ಏನು ಅಂತೆಲ್ಲ ಹೇಳಿ, ಹೀಗೆ ಲೆಕ್ಕ ಕೆಟ್ಟಿತ್ತು ಸರ್ ಅಂದೆ.

"ಉದ್ದ ಆಗ್ತಿತ್ತಾ, ಗಿಡ್ಡ ಆಗ್ತಿತ್ತಾ?" ಅಂತ ಕೇಳಿದರು.

"ಉದ್ದ ಆಗ್ತಿತ್ತು ಸರ್."

"ಹಾಗಾದ್ರೆ ಈ ಸಲ ಕೂಡಿಸೋದರಲ್ಲಿ ತಪ್ಪಿಲ್ಲಮ್ಮ" ಅಂದರು.