ಚೀಟಿ ಮುಟ್ಟಿತು, ಪೇಷಂಟ್ ಮುಟ್ಟಲಿಲ್ಲ

ತಿಂಗಳ ಕೊನೆಗೆ ನಾವು ಕಳಿಸುವ ರಿಪೋರ್ಟಿನಲ್ಲಿ 'ಲಿಂಕೇಜ್' ಅಂತ ಒಂದು ಕಾಲಂ ಇದೆ. ಐಸಿಟಿಸಿಯಿಂದ (ಎಚ್‌ಐವಿ ಟೆಸ್ಟ್ ಮತ್ತು ಕೌನ್ಸೆಲಿಂಗ್ ಕೇಂದ್ರ) ಏಆರ್‌ಟಿಗೆ (ಎಚ್‌ಐವಿ ಮಾತ್ರೆಯ ಚಿಕಿತ್ಸೆ) ಎಷ್ಟು ಜನರನ್ನು ಕಳಿಸಿದೆವು, ಸುರಕ್ಷಾ ಕ್ಲಿನಿಕ್‌ಗೆ (ಗುಪ್ತರೋಗದ ಚಿಕಿತ್ಸೆ) ಎಷ್ಟು, ಫ್ಯಾಮಿಲಿ ಪ್ಲಾನಿಂಗ್‌ಗೆ ಎಷ್ಟು. ಚೀಟಿ ಬರೆದರೆ ಒಂದು ಟಿಕ್. ಪೇಷಂಟ್ ಆ ರೂಮಿನ ಒಳಗೆ ಹೋದಳೋ, ಬಾಗಿಲಿಂದಲೇ ವಾಪಸ್ ಹೋದಳೋ ಅಂತ ಕೇಳುವ ಕಾಲಂ ಇಲ್ಲ. ಹಾಗಾಗಿ ನಮ್ಮ ತಾಲ್ಲೂಕು ಆಸ್ಪತ್ರೆಯ ಲಿಂಕೇಜ್ ಯಾವಾಗಲೂ ನೂರಕ್ಕೆ ನೂರು. ನಾನು ಇಲ್ಲಿ ಐಸಿಟಿಸಿ ಕೌನ್ಸೆಲರ್. ಆ ನೂರರಲ್ಲಿ ನನ್ನ ಪಾಲೂ ಇದೆ.

ಆಕೆ ನಮ್ಮ ಹಳೇ ಪೇಷಂಟ್. (ಊರು, ಮನೆ ವಿವರ ಬದಲಿಸಿದ್ದೇನೆ.) ಗಂಡ ಹೆಂಡತಿ ಇಬ್ಬರಿಗೂ ಎಚ್‌ಐವಿ, ಇಬ್ಬರೂ ಲಿಂಕ್ ಏಆರ್‌ಟಿಯಲ್ಲಿ (ಏಆರ್‌ಟಿ ಕೇಂದ್ರದ ಮಾತ್ರೆ ಕೊಡುವ ಶಾಖೆ) ಮಾತ್ರೆ ಒಯ್ಯುತ್ತಾರೆ. ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಇಬ್ಬರದೂ ಹಿಡಿತದಲ್ಲಿದೆ. ಎರಡು ಮಕ್ಕಳು. ಚಿಕ್ಕವನಿಗೆ ಆರನೇ ವಾರದ ಡಿಬಿಎಸ್‌ನಿಂದ (ಒಣಗಿಸಿದ ರಕ್ತದ ಹನಿಯ ಎಚ್‌ಐವಿ ಟೆಸ್ಟ್) 18ನೇ ತಿಂಗಳ ಟೆಸ್ಟ್‌ವರೆಗೂ ಎಲ್ಲ ನೆಗೆಟಿವ್. ಇಷ್ಟೆಲ್ಲ ಸರಿಯಾಗಿ ಮಾಡಿದ ನಾವು ಆಕೆಗೆ 'ಇನ್ನೊಂದು ಮಗು ಬೇಕಾ, ಬೇಡ್ವಾ' ಅಂತ ಮಾತ್ರ ಕೇಳಿರಲೇ ಇಲ್ಲ. ಬಂದಾಗಲೆಲ್ಲ ಕಾಂಡೋಮ್ ಪ್ಯಾಕೆಟ್ ಕೈಗಿಡುವುದು, ಕಳಿಸುವುದು. ಕೊನೆಗೆ ಆಕೆಯೇ ಬಾಯಿಬಿಟ್ಟಳು.

"ಅಕ್ಕಾರ, ಅವರು ಒಮ್ಮೆ ಹಾಕ್ಕೋತಾರ, ಒಮ್ಮೆ ಇಲ್ಲ. ಮೂರು ತಿಂಗಳಿಗೊಮ್ಮೆ ಸೂಜಿ ಮಾಡ್ತಾರಂತಲ್ಲ, ಅದು ನನಗ ನಡೀತೈತೇನ್ರಿ?"

ನಡೆಯುತ್ತದೆ. ಬಸಿರು ತಡೆಯುವ ಆ ಸೂಜಿಯೇ ಅಂತರಾ ಇಂಜೆಕ್ಷನ್, 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುತ್ತಿದೆ. ಆಕೆ ನುಂಗುವ ಎಚ್‌ಐವಿ ಮಾತ್ರೆ ಟಿಎಲ್‌ಡಿಗೂ ಅದಕ್ಕೂ ಜಗಳವಿಲ್ಲ. ಕಾಂಡೋಮ್ ಬಿಡಬೇಡ, ಗುಪ್ತರೋಗವನ್ನು ಈ ಸೂಜಿ ತಡೆಯಲ್ಲ ಅಂತ ಹೇಳಿದೆ. ಯುಪಿಟಿ (ಮೂತ್ರದ ಬಸಿರು ಟೆಸ್ಟ್) ನೆಗೆಟಿವ್ ಬಂತು. ಚೀಟಿ ಬರೆದೆ: 'ಏಆರ್‌ಟಿ ತಗೊಳ್ಳುತ್ತಿದ್ದಾರೆ, ದಯವಿಟ್ಟು ಅಂತರಾ ಕೊಡಿ.' ಏಆರ್‌ಟಿ ಅನ್ನುವುದರ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಬೇರೆ. ಗೊತ್ತಾದರೆ ಸಿಸ್ಟರ್ ಲೈನಲ್ಲಿ ಕಾಯಿಸದೆ ಬೇಗ ಮಾಡಿ ಕಳಿಸುತ್ತಾರೆ ಅನ್ನುವುದು ನನ್ನ ಲೆಕ್ಕ. ಫ್ಯಾಮಿಲಿ ಪ್ಲಾನಿಂಗ್ ರೂಮು ಇರುವುದೂ ನಮ್ಮ ಕಾರಿಡಾರಿನ ಆ ತುದಿಗೇ. ಇದರಲ್ಲಿ ಏನು ತಪ್ಪಲು ಸಾಧ್ಯ?

ಅವತ್ತು 9ನೇ ತಾರೀಖು ಅನ್ನುವುದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಪ್ರತಿ ತಿಂಗಳು 9ಕ್ಕೆ ಬಸುರಿಯರ ತಪಾಸಣೆ. ಬೆಂಚು ತುಂಬಿ, ನೆಲ ತುಂಬಿ, ಮೆಟ್ಟಿಲ ಮೇಲೂ ಜನ. ಒಬ್ಬೊಬ್ಬ ಆಶಾ ಕಾರ್ಯಕರ್ತೆ ಜೊತೆಗೂ ಅವರ ಊರಿನ ಮೂರ್ನಾಲ್ಕು ಹೆಂಗಸರು.

ಮುಂದಿನವರನ್ನು ಕರೆಯಲು ನಾನು ಬಾಗಿಲಿಗೆ ಬಂದಿದ್ದೆ. ಆ ತುದಿಯಲ್ಲಿ ಸಿಸ್ಟರ್ ನನ್ನ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನಿಂತಿದ್ದರು. "ಐಸಿಟಿಸಿಯಿಂದ ಬಂದಾಕಿ ಯಾರವಾ? ಏಆರ್‌ಟಿ ಅಂತ ಬರದಾರಲ್ಲ..."

ಬಸುರಿಯರಿಗೆ ಆ ಮೂರಕ್ಷರ ಏನೂ ಅಲ್ಲ. ಆಶಾಗೆ ಗೊತ್ತು. ನನ್ನ ಪೇಷಂಟ್‌ನ ಓಣಿಯ ಆಶಾ ತಾಯಿ ಕಾರ್ಡುಗಳ ಕಟ್ಟು ಹಿಡಿದು ಅಲ್ಲೇ ನಿಂತಿದ್ದಳು. ಸಿಸ್ಟರ್ ಕಡೆ ನೋಡಿದಳು. ಆಮೇಲೆ ನಿಧಾನಕ್ಕೆ ಬೆಂಚಿನ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಲು ಶುರು ಮಾಡಿದಳು.

ನನ್ನ ಪೇಷಂಟ್ ಚೀಲದಿಂದ ಫೋನ್ ತೆಗೆದಳು. ಅದು ರಿಂಗ್ ಆಗಿರಲಿಲ್ಲ. ಆದರೂ ಕಿವಿಗೆ ಹಿಡಿದು "ಹಾಂ, ಬಂದೆ, ಬಂದೆ" ಅನ್ನುತ್ತ ಗೇಟಿನ ಕಡೆ ನಡೆದಳು.

ನನಗೆ ತೋಚಿದ್ದು ಒಂದೇ. ಗಟ್ಟಿಯಾಗಿ ಕೂಗಿದೆ: "ಸಿಸ್ಟರ್, ಇವತ್ತು ಇಲ್ಲಿ ಕೂತವರೆಲ್ಲ ನಮ್ಮ ಕಡೆಯಿಂದನ ಬಂದಾರ್ರಿ! ಯಾರನ್ನ ಅಂತ ಕರೀತೀರಿ?" ಸುಳ್ಳೇನಲ್ಲ. ಬಸುರಿಯರ ತಪಾಸಣೆಯ ಎಚ್‌ಐವಿ, ಸಿಫಿಲಿಸ್ ಟೆಸ್ಟ್ ನಮ್ಮಲ್ಲೇ ಆಗುವುದು. ಒಂದಿಬ್ಬರು ನಕ್ಕರು. ಆಶಾ ಮತ್ತೆ ಕಾರ್ಡ್ ಎಣಿಸತೊಡಗಿದಳು. ಆಕೆಗೆ ಎಷ್ಟು ಅರ್ಥವಾಯಿತೋ, ಕೇಳುವ ಹಾಗೂ ಇಲ್ಲ.

ಮಧ್ಯಾಹ್ನ ಸಿಸ್ಟರ್ ಹತ್ತಿರ ಜಗಳಕ್ಕೇ ಹೋದೆ. ಅವರು ಹೇಳಿದ್ದು ಬೇರೆ: "ಆ ಗುಳಿಗಿ ತಗೊಳ್ಳೋರಿಗೆ ಈ ಸೂಜಿ ಮಾಡಬಹುದೋ ಇಲ್ಲೋ ನನಗ ಗೊತ್ತಿರಲಿಲ್ರಿ. ಕೇಳಾಕಂತನ ಕರದೆ. ನಮಗ ಯಾರು ಟ್ರೇನಿಂಗ್ ಕೊಟ್ಟಾರ?" ನಿಜ. ಎಚ್‌ಐವಿ ಟ್ರೇನಿಂಗ್ ನಮಗೆ, ಫ್ಯಾಮಿಲಿ ಪ್ಲಾನಿಂಗ್ ಟ್ರೇನಿಂಗ್ ಅವರಿಗೆ. ಎರಡೂ ಬೇಕಾದ ಹೆಂಗಸು ಕಾರಿಡಾರಿನ ಮಧ್ಯೆ.

ಆಮೇಲೆ ಯೋಚಿಸಿದರೆ ಸಿಟ್ಟು ಬಂದಿದ್ದು ಆ ಚೀಟಿಯ ಮೇಲೆ. ಅಂತರಾ ಕೊಡಲು ಎಚ್‌ಐವಿ ವಿಷಯ ತಿಳಿಯಲೇಬೇಕು ಅಂತೇನಿಲ್ಲ. ಸೂಜಿ ಪ್ರತಿಯೊಬ್ಬರಿಗೂ ಹೊಸದೇ, ಎಚ್ಚರಿಕೆ ಎಲ್ಲರಿಗೂ ಒಂದೇ ಇರಬೇಕು. ಗುಟ್ಟು ಕಾಪಾಡಬೇಕು ಅಂತ ಹೇಳುವ 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಲ್ಲೇ ಜಾರಿಗೆ ಬಂದಿದೆ. ಅದರ ಪೋಸ್ಟರ್ ನನ್ನ ಕುರ್ಚಿಯ ಹಿಂದೆಯೇ ಇದೆ. ಫಾರ್ಮ್ಯಾಟಿನಲ್ಲಿ ಮಾತ್ರ 'ಕಳಿಸಲು ಕಾರಣ' ಅಂತ ಜಾಗ ಬಿಟ್ಟಿದ್ದಾರೆ. ಜಾಗ ಇದ್ದರೆ ಸರ್ಕಾರಿ ಕೈ ಸುಮ್ನೆ ಇರುತ್ತಾ? ತುಂಬಿಸುತ್ತದೆ.

ಈಗ ಚೀಟಿಯಲ್ಲಿ ಹೆಸರು, ವಯಸ್ಸು, 'ಅಂತರಾ' ಅಷ್ಟೇ. ಆದಷ್ಟು ಜೊತೆಗೇ ಹೋಗುತ್ತೇನೆ. 9ನೇ ತಾರೀಖನ್ನು ತಪ್ಪಿಸುವುದಿಲ್ಲ, ಬೇಕಂತಲೇ ಅವತ್ತೇ ಕಳಿಸುತ್ತೇನೆ. ಎಲ್ಲರೂ ಒಂದೇ ಬಾಗಿಲಿಂದ ಬರುವ ದಿನ ಯಾರು ಯಾತಕ್ಕೆ ಬಂದರು ಅಂತ ಹುಡುಕುವುದು ಕಷ್ಟ. ನಮ್ಮ ಏಆರ್‌ಟಿ ಹೆಂಗಸರಿಗೆ ಬಸುರಿಯರ ಗದ್ದಲದಷ್ಟು ಒಳ್ಳೆ ಮರೆ ಬೇರೆ ಸಿಗಲ್ಲ.

ಆಕೆ ಮುಂದಿನ ಸಲ ಮಾತ್ರೆಗೆ ಬಂದಾಗ ಮತ್ತೆ ಯುಪಿಟಿ ಮಾಡಿಸಿದೆವು. ಪುಣ್ಯಕ್ಕೆ ನೆಗೆಟಿವ್. ಸಿಸ್ಟರ್ ಏನೂ ಕೇಳದೆ ಇಂಜೆಕ್ಷನ್ ಕೊಟ್ಟು, ಕಾರ್ಡಿನಲ್ಲಿ ಮುಂದಿನ ತಾರೀಖು ಬರೆದರು. ರಿಪೋರ್ಟಿನಲ್ಲಿ ಮಾತ್ರ ಆಕೆಯ ಲಿಂಕೇಜ್ ಮೊದಲ ಸಲವೇ ಆಗಿಹೋಗಿತ್ತು.

ಇನ್ನು ವಿಐಎ (ಗರ್ಭಕಂಠದ ಕ್ಯಾನ್ಸರ್ ಪತ್ತೆಯ ತಪಾಸಣೆ) ಬಾಕಿ. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಅಪಾಯ ಸುಮಾರು 6 ಪಟ್ಟು ಜಾಸ್ತಿ. ಆದರೆ ನಮ್ಮಲ್ಲಿ ಆ ತಪಾಸಣೆ ಬೇರೆ ಬ್ಲಾಕ್‌ನಲ್ಲಿ, ಬೇರೆ ವಾರ. "ಮತ್ತೊಂದು ದಿನ ಕೂಲಿ ಬಿಡಾಕ ಆಗೂದಿಲ್ರಿ ಅಕ್ಕಾರ" ಅಂದಳು. ಮಾತ್ರೆ ಕೊಡುವ ದಿನವೇ ಅದನ್ನೂ ಇಡಿ ಅಂತ ಮೀಟಿಂಗ್‌ನಲ್ಲಿ ಕೇಳಿದೆ. "ಲೆಟರ್ ಕೊಡಿ, ನೋಡೋಣ" ಅಂದರು. ಕೊಟ್ಟಿದ್ದೇನೆ. ಇನ್ವರ್ಡ್ ನಂಬರ್ ಬಿದ್ದಿದೆ.